ಬುಟ್ಟೋರು ಎಂಬ ರಾಕ್ ಬ್ಯಾಂಡು

ಐವತ್ತೆಂಟನೇ ವಯಸ್ಸಿನಲ್ಲಿ ಜನ ಬೀಡಿ ಬಿಡುತ್ತಾರೆ, ಸಕ್ಕರೆ ಬಿಡುತ್ತಾರೆ. ನನ್ನ ಸೋದರಮಾವ ಆರ್ಕೆಸ್ಟ್ರಾ ಬಿಟ್ಟರು. ಅದೂ ದೊಡ್ಡಗಾಜನೂರಿನ ಒಂದು ಮದುವೆಯಲ್ಲಿ, ಹಾಡಿನ ನಡುವೆ! ತಾಳವಾಡಿ ಸುತ್ತಿನ ಮದುವೆಗಳಲ್ಲಿ ಇಪ್ಪತ್ತು ವರ್ಷ ಜರಿಯಂಚಿನ ಕೆಂಪು ಕೋಟು ತೊಟ್ಟು ಗಿಟಾರ್ ನುಡಿಸಿದವರು, ಅಂದು ಕೋಟು ಕಳಚಿ, ಮಡಿಸಿ, ಮಾಲೀಕನ ಕೈಗಿತ್ತು, “ಇನ್ನೊಬ್ರ ಆಡು ಬಾರ್ಸಿ ಬಾರ್ಸಿ ಸಾಕಾಯ್ತು ಕಣಪ್ಪ. ನಾ ಬುಟ್ಟೆ,” ಎಂದರಂತೆ. ಅವರ ಹಿಂದೆಯೇ ಡ್ರಮ್ಮಿನವರೂ ಕೀಬೋರ್ಡಿನವರೂ ಎದ್ದುಬಂದರು. ಉಳಿದ ಒಬ್ಬ ಗಾಯಕ ಬರಿಗಂಟಲಲ್ಲೇ ಮದುವೆ ಮುಗಿಸಿದನಂತೆ.

ಮೂವರೂ ಸೇರಿ ಪಣಕಹಳ್ಳಿಯಲ್ಲಿ, ಮಾವನ ಜೋಳದ ಶೆಡ್ಡಿನಲ್ಲಿ ರಾಕ್ ಬ್ಯಾಂಡು ಕಟ್ಟಿದರು.

“ರಾಕ್ ಅಂದ್ರೇನು ಮಾವ?” ಎಂದು ಕೇಳಿದೆ.

“ಒಟ್ಟೆ ಒಳ್ಗ ಇರೂದ ಅಂಗೇ ಕಿರ್ಚೂದು ಕಣ ಕೂಸೇ.”

ಹೊಟ್ಟೆಯೊಳಗೆ ಏನಿತ್ತು? ಮೊದಲ ಹಾಡು, ಕೈ ಅಡ್ಡ ಹಿಡಿದರೂ ನಿಲ್ಲದ ಬಸ್ಸಿನ ಮೇಲೆ. ಎರಡನೆಯದು ಬೆಳೆ ಮೇಯುವ ಕಾಡುಹಂದಿಯ ಮೇಲೆ. ಸದ್ದು ತಾಳಲಾರದೆ ಪಕ್ಕದ ಹೊಲದವರು ಜಗಳಕ್ಕೆ ಬಂದರು. ವಾರ ಕಳೆಯುವುದರೊಳಗೆ ಅವರೇ ಮತ್ತೆ ಬಂದು, ಸ್ಪೀಕರನ್ನು ತಮ್ಮ ಹೊಲದ ಕಡೆಗೆ ತಿರುಗಿಸಬೇಕೆಂದು ಕೇಳಿಕೊಂಡರು. ಹಂದಿಗಳು ಬರುವುದು ನಿಂತಿತ್ತು.

ಬ್ಯಾಂಡಿಗೆ ‘ಬುಟ್ಟೋರು’ ಎಂದು ಹೆಸರಿಟ್ಟರು. ಆರ್ಕೆಸ್ಟ್ರಾ ಬಿಟ್ಟವರಲ್ಲವೇ? ಹೆಸರು ಕೇಳಿದ ಯಾರೋ ಇವರನ್ನು ಕುಡಿತ ಬಿಟ್ಟವರೆಂದುಕೊಂಡು ಗೆಟ್ಟವಾಡಿಯ ಮದ್ಯವಿರೋಧಿ ಸಭೆಗೆ ಕರೆದರು. ಮಾವ ಹೋಗಿ ಬಸ್ಸಿನ ಹಾಡು ಹಾಡಿದರು. ಭಾಷಣಕ್ಕೆ ತೂಕಡಿಸುತ್ತಿದ್ದವರೆಲ್ಲ ನೆಟ್ಟಗೆ ಕುಳಿತರು. ಬಸ್ಸು ಯಾರಿಗೆ ತಾನೇ ನಿಂತಿದೆ?

ನೀವು ನಗಿ. ನಾನೂ ನಗುತ್ತೇನೆ. ಆದರೆ ಆ ಶೆಡ್ಡಿಗೆ ನಾನು ಕೈಮುಗಿಯಬೇಕಾದ ಕಾರಣವೊಂದಿದೆ.

ಆ ವರ್ಷವೇ ನನ್ನ ಗಂಡ ತೀರಿಕೊಂಡರು. ನನಗೆ ಅಳು ಬರಲಿಲ್ಲ. “ಅತ್ಬುಡವ್ವ, ಅಗುರಾಯ್ತದ,” ಎಂದು ಹೆಂಗಸರು ಬೆನ್ನು ಸವರಿದರು. ನಾನು ಅವರಿಗೆ ಕಾಫಿ ಕೊಟ್ಟು ಕಳಿಸಿದೆ. ನಾಲ್ಕು ತಿಂಗಳು ಹೊಸ್ತಿಲು ದಾಟಲಿಲ್ಲ. ಒಂದು ಬೆಳಿಗ್ಗೆ ಮಾವ ಸ್ಕೂಟರಿನಲ್ಲಿ ಬಂದರು.

“ಡ್ರಮ್ಮಿನವ್ನಿಗ ಕೈನೋವು. ಬಾ ಕೂಸೇ, ನೀ ಬಡಿ.”

“ನನಗ ಬರಲ್ಲ ಮಾವ.”

“ರಾಗಿ ಬಡ್ದಿಲ್ವಾ? ಅಷ್ಟೇಯ.”

ಹೋದೆ. ಕೈನೋವಿನ ಡ್ರಮ್ಮಿನವರು ಶೆಡ್ಡಿನ ಬಾಗಿಲಲ್ಲಿ ಜೋಳದ ಮೂಟೆ ಹೊತ್ತು ನಿಂತಿದ್ದರು. ನನ್ನನ್ನು ಕಂಡವರೇ ಮೂಟೆ ಇಳಿಸಿ ಕೈ ನೀವಿಕೊಂಡರು. ನಾನು ಏನೂ ಕಾಣದವಳಂತೆ ಒಳಗೆ ಹೋಗಿ ಕೋಲು ಹಿಡಿದೆ.

ಮಾವ ಹಾಡು ಶುರು ಮಾಡಿದರು. ಬಡಿದೆ. ತಾಳ ತಪ್ಪಿತು, ಮತ್ತೆ ಬಡಿದೆ. ಎಲ್ಲೋ ನಡುವೆ ಅಳು ಬಂತು. ಬಾಯಿಬಿಟ್ಟು ಅತ್ತೆ. ಆ ಗದ್ದಲದಲ್ಲಿ ಯಾರಿಗೂ ಕೇಳಿಸದು ಅಂದುಕೊಂಡೆ.

ಹಾಡು ಮುಗಿಯಿತು. ಮಾವ ಮಾತ್ರ ಗಿಟಾರ್ ನಿಲ್ಲಿಸಲಿಲ್ಲ. ನನ್ನ ಕಡೆ ಬೆನ್ನು ಮಾಡಿ ನಿಂತು, ನನ್ನ ಅಳು ಮುಗಿಯುವವರೆಗೂ ನುಡಿಸುತ್ತಲೇ ಇದ್ದರು.