ಸೋಡಿಯಂ ಎರಡೂ ಕೈಯಲ್ಲಿ ಕೊಟ್ಟಿದ್ದರ ಬಗ್ಗೆ

ಇಂದ,
ಓಕ್ ದಾಲ್‌ಸುನ್ (ಹೆಂಗಸು, ವಿಧವೆ, ವಯಸ್ಸು ಎಪ್ಪತ್ತೊಂದು),
ಪ್ರಥಮ ವರ್ಷ, ಕಿಟಕಿ ಪಕ್ಕದ ಸಾಲು, ಸದ್ಯಕ್ಕೆ ಒಂಟಿ ಡೆಸ್ಕು,
ನೀಲಿಗುಡ್ಡ ಹಿರಿಯರ ಪ್ರೌಢಶಾಲೆ, ಮೊಕ್‌ಪೊ ಬಂದರು.

ಗೆ,
ಮಾನ್ಯ ಪ್ರಾಂಶುಪಾಲರು,
ಸದರಿ ಶಾಲೆ, ಮೇಲಿನ ಮಹಡಿ.
(ಮಂಡಿನೋವಿನ ಕಾರಣ ಅರ್ಜಿದಾರಳು ಖುದ್ದಾಗಿ ಹತ್ತಿ ಬರಲಾಗಿಲ್ಲ.)

ವಿಷಯ: ರಸಾಯನಶಾಸ್ತ್ರದ ಪರೀಕ್ಷೆಯಲ್ಲಿ ನಕಲು ಮಾಡಿದರೆಂದು ಬೇರ್ಪಡಿಸಲಾದ ಇಬ್ಬರು ವಿದ್ಯಾರ್ಥಿಗಳನ್ನು ಮತ್ತೆ ಒಂದೇ ಡೆಸ್ಕಿನಲ್ಲಿ ಕೂರಿಸುವ ಕುರಿತು.

ಉಲ್ಲೇಖ:
1. ರಸಾಯನಶಾಸ್ತ್ರದ ಶಿಕ್ಷಕಿ ಯೋ ಹ್ಯೆರಿನ್ ಅವರ ಬಾಯಿಮಾತಿನ ಆದೇಶ.
2. ಅದೇ ದಿನ ನಲ್ಲಿಯ ಹತ್ತಿರ ಅರ್ಜಿದಾರಳು ಅತ್ತದ್ದು (ದಾಖಲಾಗಿಲ್ಲ).

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ಬಂದರಿನ ಬಾಯಲ್ಲಿ ವರ್ಷಗಟ್ಟಲೆ ಮೀನುಸಾರಿನ ಅಂಗಡಿ ನಡೆಸಿ, ಈಗ ಅದನ್ನು ಸೊಸೆಗೆ ಒಪ್ಪಿಸಿ, ಚಿಕ್ಕಂದಿನಲ್ಲಿ ತಪ್ಪಿಹೋದ ಓದನ್ನು ಈ ವಯಸ್ಸಿನಲ್ಲಿ ಹಿಡಿಯಹೊರಟಿರುವ ಅರ್ಜಿದಾರಳು ಅರಿಕೆ ಮಾಡಿಕೊಳ್ಳುವುದೇನೆಂದರೆ, ತಾನು ನಕಲು ಮಾಡಿಲ್ಲ. ತನ್ನ ಡೆಸ್ಕಿನ ಜೊತೆಗಾರರಾದ ಕ್ಯಾಪ್ಟನ್ ಬಾಂಗ್ ಮಾನ್‌ಗಿಲ್ ಕೂಡ ಮಾಡಿಲ್ಲ. ಮಾಡುವವರಾಗಿದ್ದರೆ ಸರಿಯಾದ ಉತ್ತರವನ್ನು ನೋಡಿ ಬರೆಯುತ್ತಿರಲಿಲ್ಲವೇ ಎಂಬ ಸಣ್ಣ ಸಂಗತಿ ಯಾರಿಗೂ ಹೊಳೆಯದಿರುವುದು ವಿಷಾದನೀಯ. ಸದರಿ ಕ್ಯಾಪ್ಟನ್ನರು ಆ ದಿನದಿಂದ ಶಾಲೆಗೆ ಬರುತ್ತಿಲ್ಲ. ಈ ತಿಂಗಳು ಮುಗಿಯುವುದರೊಳಗೆ ಬಾರದಿದ್ದರೆ ಹೆಸರು ತೆಗೆದುಹಾಕುವುದಾಗಿ ಕಚೇರಿಯಿಂದ ಅವರಿಗೆ ಫೋನು ಹೋಗಿದೆ. ಅವರ ಹೆಸರು ಹೋದರೆ ಅರ್ಜಿದಾರಳ ಓದೂ ಹೋದಂತೆಯೇ. ಆದ್ದರಿಂದ ಈ ಕೆಳಗಿನ ವಿವರಗಳನ್ನು ಸಾವಧಾನದಿಂದ ಓದಬೇಕು.

1. ಕ್ಯಾಪ್ಟನ್ ಬಾಂಗ್ ಎಂಬವರು ಸುತ್ತಲಿನ ದ್ವೀಪಗಳಿಗೆ ಜನರನ್ನು ಸಾಗಿಸುವ ಹಡಗು ನಡೆಸಿ ನಿವೃತ್ತರಾದವರು. ಹೆಂಡತಿ ತೀರಿಕೊಂಡು ಬಹಳ ಕಾಲವಾಗಿದೆ. ಅರ್ಜಿದಾರಳಿಗಿಂತ ಎರಡು ವರ್ಷ ಚಿಕ್ಕವರು. ಶಾಲೆಯ ಮೊದಲ ದಿನ ಪಕ್ಕದಲ್ಲಿ ಕೂತ ತಕ್ಷಣ, ನಮ್ಮಲ್ಲಿ ಯಾರೇ ಆದರೂ ಕೇಳುವಂತೆ, ವಯಸ್ಸು ಕೇಳಿದರು. ತಿಳಿದ ಮೇಲೆ ಎದ್ದು, ಬಗ್ಗಿ ನಮಸ್ಕರಿಸಿ, ಗಂಡಸರು ತಮಗಿಂತ ದೊಡ್ಡ ಹೆಂಗಸನ್ನು ಕರೆಯುವ ಹಾಗೆ ‘ನೂನಾ’ ಎಂದರು. ತಲೆ ಪೂರ್ತಿ ಬೆಳ್ಳಗಾದ ಗಂಡಸಿನ ಬಾಯಲ್ಲಿ ಆ ಪದ ಕೇಳಿ ಅರ್ಜಿದಾರಳ ಬೆನ್ನಲ್ಲಿ ಏನೋ ಹರಿದಂತಾಯಿತು. ಅದು ಚಳಿ ಎಂದು ಆಗ ಭಾವಿಸಲಾಗಿತ್ತು.

2. ರಸಾಯನಶಾಸ್ತ್ರದ ಮೊದಲ ಪಾಠದಲ್ಲಿ ಯೋ ಮೇಡಂ ಬೋರ್ಡಿನ ಮೇಲೆ ಸೋಡಿಯಂ ಎಂದು ಬರೆದು ಪಕ್ಕದಲ್ಲಿ ಹನ್ನೊಂದು ಹಾಕಿದರು, ಕ್ಲೋರಿನ್ ಎಂದು ಬರೆದು ಹದಿನೇಳು ಹಾಕಿದರು. ಅದು ಅವುಗಳ ವಯಸ್ಸೇ ಎಂದು ತರಗತಿಯ ಅಜ್ಜಿಯರೆಲ್ಲ ಒಟ್ಟಿಗೆ ಕೇಳಿದರು. ಅಲ್ಲ, ಪರಮಾಣುವಿನ ನಡುಮಧ್ಯದಲ್ಲಿರುವ ಪ್ರೋಟಾನುಗಳ ಎಣಿಕೆ ಎಂದು ಮೇಡಂ ವಿವರಿಸಿದರು. ಮತ್ತೆ ಕೇಳಿದರು, ಮತ್ತೆ ವಿವರಿಸಿದರು. ಕೊನೆಗೆ ಊಟದ ಹೊತ್ತು ಮೀರುತ್ತಿದ್ದ ಕಾರಣ, “ಆಯ್ತು ಅಮ್ಮಾ, ವಯಸ್ಸು ಅಂತಾನೇ ಇಟ್ಕೊಳ್ಳಿ” ಎಂದುಬಿಟ್ಟರು. ಈ ಪ್ರಕರಣದ ಬೇರು ಇಲ್ಲಿದೆ ಎಂಬುದನ್ನು ತಮ್ಮ ಅವಗಾಹನೆಗೆ ತರಲಾಗಿದೆ. ಮೇಡಂ ಒಳ್ಳೆಯವರು, ಪಾಪ, ಅವರಿಗೂ ಹಸಿವಾಗಿತ್ತು.

3. ಮುಂದುವರಿದು, ಅರ್ಜಿದಾರಳು ಪಾಠ ಕೇಳಿದ್ದಾಳೆ ಎಂಬುದಕ್ಕೆ ಪುರಾವೆಯಾಗಿ ಅದನ್ನು ಇಲ್ಲಿ ಒಪ್ಪಿಸಲಾಗಿದೆ. ಪರಮಾಣುವಿಗೆ ಹೊರಗಿನ ಕವಚದಲ್ಲಿ ಎಂಟು ಇಲೆಕ್ಟ್ರಾನ್ ಇದ್ದರೆ ನೆಮ್ಮದಿ (ಹೈಡ್ರೋಜನ್‌ನಂಥ ಪುಟಾಣಿಗೆ ಎರಡೇ ಸಾಕು). ಸೋಡಿಯಂ ಬಳಿ ಹೊರಗೆ ಒಂದೇ ಒಂದಿದೆ. ಅದನ್ನು ಯಾರಿಗಾದರೂ ಕೊಟ್ಟು ಕೈತೊಳೆದುಕೊಂಡರೆ ಅದರ ಒಳಗಿನ ಕವಚದಲ್ಲಿ ಎಂಟು ತುಂಬಿ ಕೂತಿದೆ. ಕ್ಲೋರಿನ್ ಬಳಿ ಏಳಿದೆ, ಇನ್ನೊಂದಕ್ಕೆ ಬಾಯಿ ಬಿಡುತ್ತಿದೆ. ಆದಕಾರಣ ಇದು ಕೊಡುತ್ತದೆ, ಅದು ತೆಗೆದುಕೊಳ್ಳುತ್ತದೆ. ಇಲೆಕ್ಟ್ರಾನ್ ಎಂಬುದೇ ಋಣ ಸ್ವಭಾವದ್ದಾದ್ದರಿಂದ ಕೊಟ್ಟದ್ದು ಧನವಾಗುತ್ತದೆ, ಪಡೆದದ್ದು ಋಣವಾಗುತ್ತದೆ. ಧನಕ್ಕೂ ಋಣಕ್ಕೂ ಸೆಳೆತ. ಹೀಗೆ ಸೆಳೆದುಕೊಂಡು ಅಂಟಿ ಕೂತದ್ದಕ್ಕೆ ಅಯಾನಿಕ ಬಂಧ ಎಂದು ಹೆಸರು. ಅರ್ಜಿದಾರಳು ಜೀವಮಾನವಿಡೀ ಸಾರಿಗೆ ಸುರಿದ ಉಪ್ಪು ಇದೇ.

ಅದೇ ಎರಡು ಕ್ಲೋರಿನ್‌ಗಳು ಎದುರುಬದುರಾದವು ಎನ್ನಿ. ಇಬ್ಬರ ಬಳಿಯೂ ಏಳೇಳು, ಇಬ್ಬರಿಗೂ ಒಂದೊಂದು ಬೇಕು, ಕೊಡುವ ಜಾಯಮಾನ ಯಾರದ್ದೂ ಅಲ್ಲ. ಆಗ ಇಬ್ಬರೂ ತಮ್ಮ ಪಾಲಿನ ಒಂದೊಂದನ್ನು ಮಧ್ಯಕ್ಕೆ ತಂದಿಟ್ಟು, ಆ ಜೋಡಿಯನ್ನು ಇಬ್ಬರೂ ತಮ್ಮದೆಂದೇ ಎಣಿಸಿಕೊಳ್ಳುತ್ತಾರೆ. ಊಟಕ್ಕೆ ಕೂತಾಗ ನಡುವೆ ಇಟ್ಟ ಸಾರಿನ ಮಡಕೆಗೆ ಎಲ್ಲರೂ ಚಮಚ ಹಾಕುವುದಿಲ್ಲವೇ, ಹಾಗೆ. ಇದು ಸಹವೇಲೆನ್ಸೀಯ ಬಂಧ.

4. ಇವೆರಡರ ವ್ಯತ್ಯಾಸ ತೋರಿಸಲು ಮೇಡಂ ಉಪ್ಪುನೀರಿಗೆ ಎರಡು ತಂತಿ ಇಳಿಬಿಟ್ಟು ಸಣ್ಣ ಬಲ್ಬು ಹತ್ತಿಸಿದರು. ಬಲ್ಬು ಹತ್ತಿದ ಕೂಡಲೇ ಕ್ಯಾಪ್ಟನ್ ಬಾಂಗ್ ಬೆಚ್ಚಿ ಅರ್ಜಿದಾರಳ ಕೈ ಹಿಡಿದರು. ಬಿರುಗಾಳಿಯಲ್ಲಿ ಹಡಗು ನಡೆಸಿದ ಮನುಷ್ಯ ಬಟಾಣಿಯಷ್ಟು ಬಲ್ಬಿಗೆ ಬೆಚ್ಚಿದ್ದು ಹೇಗೆ ಎಂದು ಆಗ ಯೋಚಿಸಲಿಲ್ಲ. ಬಳಿಕ ಸಕ್ಕರೆ ನೀರಿನ ಸರದಿ. ಸಕ್ಕರೆಯೊಳಗೆ ಎಲ್ಲವೂ ಹಂಚಿಕೊಂಡು ಕೂತಿರುವುದರಿಂದ, ನೀರಿನಲ್ಲಿ ಧನವೂ ಋಣವೂ ಬೇರೆ ಬೇರೆಯಾಗಿ ಓಡಾಡದಿರುವುದರಿಂದ, ಬಲ್ಬು ಹತ್ತಲಿಲ್ಲ. ಹತ್ತದಿದ್ದರೂ ಅವರು ಕೈ ಬಿಡಲಿಲ್ಲ. ಅರ್ಜಿದಾರಳೂ ಬಿಡಿಸಿಕೊಳ್ಳಲಿಲ್ಲ.

5. ಇನ್ನು ಪರೀಕ್ಷೆ. ಸೋಡಿಯಂ ಕ್ಲೋರಿನ್‌ಗೆ ಇಲೆಕ್ಟ್ರಾನ್ ಕೊಡುವ ಚಿತ್ರ ಬರೆಯಿರಿ ಎಂದು ಪ್ರಶ್ನೆ. ಮಾನ್ಯರೇ, ತಾವೇ ಹೇಳಿ. ಹನ್ನೊಂದರ ಪೋರ ಹದಿನೇಳರ ಅಣ್ಣನಿಗೆ ಏನನ್ನಾದರೂ ಹೇಗೆ ಕೊಡಬೇಕು? ಎರಡೂ ಕೈಯಲ್ಲಿ. ಒಂದು ಕೈಯಲ್ಲಿ ಚಾಚಿದರೆ ಮನೆಯಲ್ಲಿ ಏನೂ ಕಲಿಸಿಲ್ಲವೇ ಎಂದು ಬೈಸಿಕೊಳ್ಳುವುದು ಗ್ಯಾರಂಟಿ. ಆದ್ದರಿಂದ ಅರ್ಜಿದಾರಳು ಸೋಡಿಯಮ್ಮಿಗೆ ಎರಡು ಕೈ ಬರೆದಳು. ಎರಡು ಕೈ ಬರೆದ ಮೇಲೆ ಒಂದನ್ನು ಖಾಲಿ ಬಿಡುವುದು ಚೆನ್ನಾಗಿ ಕಾಣದ ಕಾರಣ ಎರಡರಲ್ಲೂ ಒಂದೊಂದು ಇಲೆಕ್ಟ್ರಾನ್ ಇಟ್ಟಳು. ಕ್ಯಾಪ್ಟನ್ ಬಾಂಗ್ ಕೂಡ ತಮ್ಮಷ್ಟಕ್ಕೆ ತಾವು ಎರಡು ಕೈ ಬರೆದು ಎರಡು ಇಲೆಕ್ಟ್ರಾನ್ ಇಟ್ಟರು, ಮೇಲಾಗಿ ತಮ್ಮ ಸೋಡಿಯಮ್ಮನ್ನು ಸೊಂಟದಿಂದ ಬಗ್ಗಿಸಿದ್ದರು. ಅರ್ಜಿದಾರಳ ಸೋಡಿಯಂ ನೆಟ್ಟಗೆ ನಿಂತಿದೆ. ನಕಲಾಗಿದ್ದರೆ ಎರಡೂ ಬಗ್ಗಬೇಕಿತ್ತು.

ತಪ್ಪು ತಪ್ಪೇ. ಎರಡನೆಯದನ್ನು ಕೊಡಬೇಕಾದರೆ ಸೋಡಿಯಂ ತನ್ನ ತುಂಬಿದ ಎಂಟರ ಕವಚವನ್ನೇ ಒಡೆಯಬೇಕು. ಮದುವೆಮನೆಗೆ ಉಡುಗೊರೆ ಬೇಕೆಂದು ಸ್ವಂತ ಮನೆಯ ತೊಲೆ ಕಿತ್ತು ಒಯ್ದಂತೆ ಅದು. ಕ್ಲೋರಿನ್‌ಗಾದರೂ ಒಂಬತ್ತನೆಯದನ್ನು ಇಡಲು ಜಾಗವೆಲ್ಲಿದೆ? ಕೊಡುವುದು ಒಂದನ್ನು ಮಾತ್ರ, ಮರ್ಯಾದೆ ಬೇರೆ, ಇಲೆಕ್ಟ್ರಾನ್ ಬೇರೆ, ಇದನ್ನು ಅರ್ಜಿದಾರಳು ಈಗ ಒಪ್ಪುತ್ತಾಳೆ. ಆದರೆ ಈ ತಪ್ಪು ಮಾಡಲು ಪಕ್ಕದವರ ಹಾಳೆ ಇಣುಕಬೇಕಾಗಿಲ್ಲ, ಈ ದೇಶದಲ್ಲಿ ಸರಿಯಾಗಿ ಬೆಳೆದಿದ್ದರೆ ಸಾಕು.

6. ಇಣುಕಲು ಸಾಧ್ಯವೂ ಇರಲಿಲ್ಲ. ಕ್ಯಾಪ್ಟನ್ ಬಾಂಗ್ ಅವರ ಓದುವ ಕನ್ನಡಕ ಶಾಲೆ ಶುರುವಾದ ಹೊಸದರಲ್ಲೇ ಸಮುದ್ರದ ಪಾಲಾಗಿತ್ತು. ಹೊಸದು ಕೊಳ್ಳುತ್ತೇನೆ ಎನ್ನುತ್ತಲೇ ಇದ್ದರು, ಕೊಳ್ಳಲಿಲ್ಲ. ಆದಕಾರಣ ಅರ್ಜಿದಾರಳ ಕನ್ನಡಕವನ್ನೇ ಇಬ್ಬರೂ ಹಾಕಿಕೊಳ್ಳುತ್ತಿದ್ದರು. ಒಂದು ಸಾಲು ಅವಳು ಓದಿದರೆ ಮುಂದಿನ ಸಾಲು ಅವರು. ಪರೀಕ್ಷೆಯ ದಿನ ಮೊದಲು ಅವಳು ಬರೆದು ಮುಗಿಸಿ, ಹಾಳೆ ಮಗುಚಿ, ಅದರ ಮೇಲೆ ಎರಡೂ ಮೊಣಕೈ ಊರಿ ಕೂತು, ಆಮೇಲೆ ಕನ್ನಡಕ ದಾಟಿಸಿದಳು. ಕನ್ನಡಕ ಒಬ್ಬರ ಮೂಗಿನ ಮೇಲಿದ್ದಾಗ ಇನ್ನೊಬ್ಬರಿಗೆ ತಮ್ಮ ಉಗುರೇ ಕಾಣುವುದಿಲ್ಲ, ಪಕ್ಕದ ಹಾಳೆಯ ಮಾತು ಎಲ್ಲಿಯದು.

ಇಷ್ಟಾದರೂ, ಎರಡೂ ಹಾಳೆಯಲ್ಲಿ ಒಂದೇ ತಪ್ಪಿದೆಯೆಂದು ಇಬ್ಬರಿಗೂ ಸೊನ್ನೆ ಬಿತ್ತು. ಸಾಲದ್ದಕ್ಕೆ ಕ್ಯಾಪ್ಟನ್ನರನ್ನು ಬಾಗಿಲ ಬಳಿಗೆ ಎತ್ತಿಹಾಕಲಾಯಿತು. ಕನ್ನಡಕ ಅರ್ಜಿದಾರಳಲ್ಲೇ ಉಳಿಯಿತು. ಅಂದರೆ ಹಂಚಿಕೊಂಡಿದ್ದ ಜೋಡಿಯನ್ನು ಪೂರ್ತಿ ಒಬ್ಬರ ಕೈಗೆ ಕೊಟ್ಟು, ಇದ್ದ ಸಹವೇಲೆನ್ಸೀಯ ಬಂಧವನ್ನು ಶಿಕ್ಷಕಿಯವರೇ ಅಯಾನಿಕ ಮಾಡಿದಂತಾಯಿತು. ದೂರ ಹೆಚ್ಚಿದಷ್ಟೂ ಸೆಳೆತ ಕಡಿಮೆಯಾಗುತ್ತದೆ ಎಂದು ಪುಸ್ತಕದಲ್ಲಿದೆ. ಕಿಟಕಿಯಿಂದ ಬಾಗಿಲಿಗೆ ಎಷ್ಟು ದೂರವಿದೆಯೋ ಅಷ್ಟಕ್ಕೆ ಈ ಮಾತು ಅನ್ವಯಿಸುವುದಿಲ್ಲ ಎಂಬುದು ಅರ್ಜಿದಾರಳ ಸ್ವಂತ ಅನುಭವ.

7. ಅವರು ಬರುವುದು ನಿಂತ ಮೇಲೆ ಅರ್ಜಿದಾರಳು ಡಬ್ಬಿಯಲ್ಲಿ ಮೀನುಸಾರು ತುಂಬಿಕೊಂಡು ಅವರ ಮನೆಗೆ ಹೋದಳು. ನೋಡಿದರೆ ಮೂಗಿನ ಮೇಲೆ ಹೊಚ್ಚಹೊಸ ಕನ್ನಡಕ. ಪಾತ್ರೆಯ ಮುಚ್ಚಳಕ್ಕೇ ಶಾವಿಗೆ ಬಗ್ಗಿಸಿಕೊಂಡು ಒಬ್ಬರೇ ತಿನ್ನುತ್ತಿದ್ದರು. ನಿಯಾನ್ ಎಂಬ ಅನಿಲವೊಂದಿದೆ, ತನ್ನ ಎಂಟು ತನಗಿದೆ, ಯಾರ ಗೊಡವೆಯೂ ಬೇಡ ಎಂದು ಕೂರುವಂಥದ್ದು. ಥೇಟ್ ಅದೇ ಮುಖ. ಅರ್ಜಿದಾರಳು ಡಬ್ಬಿಯನ್ನು ಕುಕ್ಕಿ ಇಟ್ಟಳು. ಹಡಗನ್ನು ದಡಕ್ಕೆ ಕಟ್ಟಿಯೇಬಿಟ್ಟೆಯಾ ಎಂದು ಚುಚ್ಚಿದಳು.

ಅವರು ಚಾಪ್‌ಸ್ಟಿಕ್ ಕೆಳಗಿಟ್ಟರು. “ನನ್ನನ್ನ ಕಳ್ಳ ಅಂದಿದ್ರೆ ನುಂಗ್ಕೋತಿದ್ದೆ ನೂನಾ. ನನ್ನ ಪಕ್ಕ ಕೂತಿದ್ದಕ್ಕೆ ನಿಮ್ಮನ್ನೂ ಅಂದ್ರಲ್ಲ. ನಾನು ಬರದೆ ಇದ್ರೆ ನಿಮ್ಮ ಹೆಸರು ಚೊಕ್ಕ ಆಗುತ್ತೆ.”

“ನನ್ನ ಹೆಸರು ತೊಳೆದುಕೊಡು ಅಂತ ನಿನ್ನ ಕೇಳಿದ್ಯಾರು? ಆ ಡೆಸ್ಕಲ್ಲಿ ಒಬ್ಳೇ ಕೂತು ನಾನು ಯಾವ ಬಂಧ ಅಂತ ಕಲೀಲಿ?”

ಈ ಮಾತು ಬಾಯಿಂದ ಹೊರಬಿದ್ದ ಮೇಲೆ ಅರ್ಜಿದಾರಳಿಗೆ ಎಲ್ಲಿ ನೋಡುವುದೆಂದು ತಿಳಿಯಲಿಲ್ಲ. ಡಬ್ಬಿಯ ಮುಚ್ಚಳ ತೆಗೆದಳು, ಹಾಕಿದಳು. ಕ್ಯಾಪ್ಟನ್ನರು ಕನ್ನಡಕ ತೆಗೆದು ಅಂಗಿಯ ಅಂಚಿನಿಂದ ಒರೆಸುತ್ತ, ಗೋಡೆಗೆ ಹೇಳುವವರಂತೆ ಹೇಳಿದರು.

“ಹಿಂದಿನ ಬೆಂಚಿನ ಸೋಕ್ ಗಂಡ ಹೆಂಡ್ತಿ ಇದಾರಲ್ಲ, ಅವರಿಬ್ರ ಹಾಳೆನೂ ಒಂದೇ ಥರ ಇತ್ತು. ಉಪ್ಪು ಅಂತ ಬರೆಯೋ ಕಡೆ ಇಬ್ರೂ ಮೀನು ಅಂತ ಬರೆದಿದ್ರು. ಯಾರಾದ್ರೂ ಏನಾದ್ರೂ ಅಂದ್ರಾ? ಗಂಡ ಹೆಂಡ್ತಿನ ಬೇರೆ ಕೂರಿಸೋ ಪದ್ಧತಿ ನಮ್ಮ ಶಾಲೇಲಿ ಇಲ್ಲ ನೂನಾ.” ಒರೆಸಿದ ಗಾಜನ್ನೇ ಮತ್ತೆ ಒರೆಸುತ್ತ, “ಸುಮ್ನೆ ಹೇಳ್ದೆ,” ಎಂದರು.

ಸುಮ್ಮನೆ ಹೇಳಿದ ಮಾತಿಗೆ ಕಿವಿ ಕೆಂಪಾಗುವುದಿಲ್ಲ. ಅವರದ್ದು ಕತ್ತಿನವರೆಗೂ ಕೆಂಪಾಗಿತ್ತು. ಎಪ್ಪತ್ತೊಂದರ ಹೆಂಗಸಿನ ಎದೆ ಹೀಗೆಲ್ಲ ಹೊಡೆದುಕೊಳ್ಳಬಾರದೆಂದು ವೈದ್ಯರ ಸೂಚನೆಯಿದೆ, ಅದು ಕೇಳಲಿಲ್ಲ. ಆದರೂ ಅರ್ಜಿದಾರಳು ಕಾನೂನು ಬಲ್ಲವಳಾದ ಕಾರಣ, ಮೊದಲು ಮೇಲಿನವರಿಗೆ ಒಂದು ಅರ್ಜಿ ಹಾಕೋಣ, ಒಪ್ಪಿದರೆ ಹಳೆಯ ಡೆಸ್ಕಿಗೆ ಹೋಗಿ ಕೂರೋಣ ಎಂದಳು. ಒಪ್ಪದೆ ಇದ್ದರೆ ಎಂದು ಅವರು ಕೇಳಿದರು.

“ಒಪ್ಪದೆ ಇದ್ರೆ ನಾನೇನು ಮಾಡೋಕಾಗುತ್ತೆ, ಪದ್ಧತಿ ಹೇಗಿದೆಯೋ ಹಾಗೆ ನಡೀಬೇಕು,” ಎಂದಳು ಅರ್ಜಿದಾರಳು. ಆಮೇಲೆ ಇಬ್ಬರೂ ಡಬ್ಬಿಗೇ ಚಮಚ ಹಾಕಿ ಸಾರು ಮುಗಿಸಿದರು. ಮಧ್ಯೆ ಮಧ್ಯೆ ಕಾರಣವಿಲ್ಲದೆ ನಗು ಬಂದು ಅರ್ಜಿದಾರಳಿಗೆ ಎರಡು ಸಲ ನೆತ್ತಿಗೇರಿತು.

ಆದ್ದರಿಂದ, ಮೇಲ್ಕಂಡ ಎಲ್ಲ ಕಾರಣಗಳಿಂದ, ಸದರಿ ಇಬ್ಬರಿಗೂ ಬಿದ್ದ ನಕಲಿನ ಆರೋಪ ತೆಗೆದುಹಾಕಿ, ಸೊನ್ನೆಯನ್ನು ಬೇಕಾದರೆ ಹಾಗೇ ಇಟ್ಟುಕೊಂಡು, ಕ್ಯಾಪ್ಟನ್ ಬಾಂಗ್ ಮಾನ್‌ಗಿಲ್ ಅವರ ಹೆಸರನ್ನು ಉಳಿಸಿ, ಅವರನ್ನು ಅರ್ಜಿದಾರಳ ಪಕ್ಕದಲ್ಲಿ ಕೂರಿಸಲು ಆದೇಶ ನೀಡಬೇಕಾಗಿ ಪ್ರಾರ್ಥನೆ.

ಎರಡೂ ಕೈ ಜೋಡಿಸಿ, ಆದರೆ ಒಂದೇ ಅರ್ಜಿ ಕೊಡುತ್ತಿರುವ
ತಮ್ಮ ವಿಶ್ವಾಸಿ,
ಓಕ್ ದಾಲ್‌ಸುನ್

ಲಗತ್ತುಗಳು:
1. ತಿದ್ದಿ ಬರೆದ ಚಿತ್ರ. ಸೋಡಿಯಂ ಒಂದೇ ಇಲೆಕ್ಟ್ರಾನ್ ಕೊಡುತ್ತಿರುವುದು. ಕೈ ಮಾತ್ರ ಎರಡೇ ಇದೆ, ಅದನ್ನು ಬದಲಿಸಲು ಮನಸ್ಸಾಗಲಿಲ್ಲ.
2. ಉಪ್ಪು ಒಂದು ಪೊಟ್ಟಣ, ಸಕ್ಕರೆ ಒಂದು ಪೊಟ್ಟಣ. ಯಾವುದು ಯಾವ ಬಂಧವೆಂದು ತಾವೇ ರುಚಿ ನೋಡಿ ತಿಳಿಯುವುದು.
3. ಮಂಡಿನೋವಿಗೆ ವೈದ್ಯರ ಚೀಟಿ.

ವಿಶೇಷ ಸೂಚನೆ: ಅರ್ಜಿ ಬರೆದು ಮುಗಿಸಿ, ಕ್ಯಾಪ್ಟನ್ನರಿಗೆ ಓದಿ ಹೇಳಿದ ಮೇಲೆ ಇಬ್ಬರೂ ಮತ್ತೊಮ್ಮೆ ಕೂತು ಯೋಚಿಸಲಾಗಿ, ತಾವು ಈ ಅರ್ಜಿಯನ್ನು ದಯಮಾಡಿ ತಿರಸ್ಕರಿಸಬೇಕೆಂದು ಕೋರಲಾಗಿದೆ. ಈ ವಾರದೊಳಗೆ ತಿರಸ್ಕರಿಸಿದರೆ ಮಹದುಪಕಾರವಾಗುತ್ತದೆ, ನಮ್ಮಿಬ್ಬರ ಮದುವೆಗೆ ಮಂಟಪ ಗೊತ್ತುಮಾಡಲು ಸೊಸೆಗೆ ಸಮಯ ಬೇಕು.