ನಟ್ಟಿನ ಬಿಗುಮಾನ

ಮಗಳನ್ನು ಮೊದಲ ಸಲ ಶಾಲೆಗೆ ಬಿಡಲು ಹೋದ ದಿನ ಗುಮಾಸ್ತರು ಒಂದು ಮಾತು ಕೊಟ್ಟಿದ್ದರು. ಶಾಲೆಯ ಗೇಟಿನೆದುರು ಅವಳು ಮೋಟಾರ್ ಸೈಕಲ್ಲಿನ ಟ್ಯಾಂಕನ್ನು ಹಲ್ಲಿಯಂತೆ ಅವಚಿಕೊಂಡು ಇಳಿಯುವುದಿಲ್ಲವೆಂದು ಹಟ ಹಿಡಿದಳು. ಆಫೀಸಿಗೆ ಹೊತ್ತಾಗಿತ್ತು. ಗೇಟಿನ ಕಾವಲುಗಾರ ಬೇರೆ ನೋಡಿ ನಗುತ್ತಿದ್ದ.

"ಅಳ್ಬೇಡ ಪುಟ್ಟಿ, ನೀನು ದೊಡ್ಡವಳಾಗಿ ಕೆಲಸಕ್ಕೆ ಸೇರ್ತೀಯಲ್ಲ, ಆ ಮೊದಲನೇ ದಿನಾನೂ ನಾನೇ ಇದೇ ಗಾಡಿ ಮೇಲೆ ಕರ್ಕೊಂಡು ಹೋಗ್ತೀನಿ," ಎಂದರು.

ಅಳು ನಿಂತಿತು, ಹಿಡಿತ ಸಡಿಲವಾಯಿತು. ಆ ಮಾತನ್ನು ಗುಮಾಸ್ತರು ಸಂಜೆಯೊಳಗೆ ಮರೆತರು. ಮಗಳು ಮರೆಯಲಿಲ್ಲ.

ಹೀಗಾಗಿ ಆ ಗಾಡಿಯನ್ನು ಮಾರಲಾಗಲಿಲ್ಲ. ಆಫೀಸಿನವರೆಲ್ಲ ಹೊಸ ಗಾಡಿಗಳಲ್ಲಿ ಸದ್ದಿಲ್ಲದೆ ಬರುವಾಗ ಗುಮಾಸ್ತರು ಮಾತ್ರ ರವೆ ಹುರಿದಂಥ ಸದ್ದಿನೊಂದಿಗೆ ಬರುತ್ತಿದ್ದರು. ಮಾರುವ ಮಾತೆತ್ತಿದಾಗಲೆಲ್ಲ ಚಿಕ್ಕಂದಿನಲ್ಲಿ ಮಗಳ ತುಟಿ ನಡುಗುತ್ತಿತ್ತು. ದೊಡ್ಡವಳಾದ ಮೇಲೆ ಅವಳು ಪುಸ್ತಕದಿಂದ ತಲೆಯೆತ್ತದೆ, "ಮಾತು, ಅಪ್ಪಾ," ಎಂದಷ್ಟೇ ಹೇಳುತ್ತಿದ್ದಳು. ಅದು ನಡುಗುವ ತುಟಿಗಿಂತ ಕಷ್ಟ.

ಕೊನೆಗೂ ಆ ದಿನ ಬಂತು. ಆಸ್ಪತ್ರೆಯ ಎಕ್ಸ್‌ರೇ ವಿಭಾಗದಲ್ಲಿ ಮಗಳಿಗೆ ಕೆಲಸ ಸಿಕ್ಕಿತ್ತು, ಮಧ್ಯಾಹ್ನದ ಪಾಳಿ. ಗುಮಾಸ್ತರು ರಜೆ ಹಾಕಿ, ಬೆಳಗ್ಗೆ ಎದ್ದವರೇ ಗಾಡಿಯನ್ನು ಕೂಸಿನಂತೆ ತೊಳೆದು ಒರೆಸಿ ಬೀದಿಯಲ್ಲಿ ಒಂದು ಸುತ್ತು ಹೊಡೆದರು. ಚೈನು ಜೋತುಬಿದ್ದು ಕಟಕಟ ಎನ್ನುತ್ತಿತ್ತು.

"ಚೈನು ಸ್ವಲ್ಪ ಎಳೀಬೇಕು ಅಷ್ಟೆ. ಹಿಂದಿನ ಚಕ್ರದ ನಟ್ಟು ಸಡಿಲ ಮಾಡೋದು, ಚಕ್ರ ಹಿಂದಕ್ಕೆ ಸರಿಸೋದು, ಮತ್ತೆ ಬಿಗಿ ಮಾಡೋದು. ಟೀ ಆರೋದ್ರೊಳಗೆ ಮುಗಿಯುತ್ತೆ," ಎಂದು ಹೆಂಡತಿಗೆ ಹೇಳಿ ಸ್ಪ್ಯಾನರ್ ಹಿಡಿದು ಕೂತರು.

ಟೀ ಆರಿತು. ಕೆನೆ ಕಟ್ಟಿತು. ಅದರಲ್ಲೊಂದು ಇರುವೆಯೂ ಬಿತ್ತು. ನಟ್ಟು ಕದಲಲಿಲ್ಲ.

ಗುಮಾಸ್ತರು ಎರಡೂ ಕೈ ಹಾಕಿದರು, ಹಲ್ಲು ಕಚ್ಚಿದರು, ಸೀಮೆಎಣ್ಣೆ ಬಿಟ್ಟರು. ಆಫೀಸಿನಲ್ಲಿ ಮೇಲಧಿಕಾರಿಗೆ ಹೇಳಲಾಗದ್ದನ್ನೆಲ್ಲ ನಟ್ಟಿಗೆ ಹೇಳಿದರು. ಕೊನೆಗೆ ಸ್ಪ್ಯಾನರಿನ ಹಿಡಿಯ ಮೇಲೆ ಕಾಲಿಟ್ಟು ಎದ್ದು ನಿಂತರು. ಸ್ಪ್ಯಾನರ್ ಜಾರಿತು. ಗುಮಾಸ್ತರು ಗಾಡಿ ತೊಳೆದ ನೀರಿನ ಬಕೆಟ್ಟಿನೊಳಗೆ ಕೂತರು.

ಆ ಸದ್ದಿಗೆ ಮಹಡಿಯ ಕಿಟಕಿ ತೆರೆಯಿತು. ಅಲ್ಲಿದ್ದವರು ಡ್ರೈವಿಂಗ್ ಮೇಷ್ಟ್ರು. ಊರಿನ ಅರ್ಧ ಜನಕ್ಕೆ ಕಾರು ಕಲಿಸಿ ನಿವೃತ್ತರಾದವರು. ಪಕ್ಕದಲ್ಲಿ ಕೂತು ಅಪ್ಪಣೆ ಕೊಡುವ ಅಭ್ಯಾಸ ಮಾತ್ರ ನಿವೃತ್ತವಾಗಿರಲಿಲ್ಲ.

"ಏನ್ ಗುಮಾಸ್ತರೇ, ಸ್ನಾನಾನಾ?"

"ನಟ್ಟು ಬರ್ತಿಲ್ಲ ಮೇಷ್ಟ್ರೇ."

"ಅವಸರ ಮಾಡ್ತೀರಿ ನೀವು. ಇರಿ, ಬಂದೆ."

ಮೇಷ್ಟ್ರು ಕೆಳಗಿಳಿದು ಬಂದು, ಕುರ್ಚಿ ಹಾಕಿಸಿಕೊಂಡು ಕೂತರು. "ಉಸಿರು ಬಿಡಿ. ನಿಧಾನಕ್ಕೆ ಒತ್ತಡ ಕೊಡಿ. ಕ್ಲಚ್ ಬಿಟ್ಟ ಹಾಗೆ, ಹಾಂ, ನಿಧಾನ, ನಿಧಾನ. ಈಗ ಕೊಡಿ." ಗುಮಾಸ್ತರು ಕೊಟ್ಟರು. ಗಾಡಿಯೇ ಸ್ಟ್ಯಾಂಡಿನಿಂದ ಇಳಿದು ಎರಡು ಹೆಜ್ಜೆ ನಡೆಯಿತು. "ನೋಡಿದ್ರಾ, ಮುಂದೆ ಹೋಯ್ತು," ಎಂದರು ಮೇಷ್ಟ್ರು, ಶಿಷ್ಯ ಪಾಸಾದ ಸಂತೋಷದಲ್ಲಿ.

ಅಷ್ಟರಲ್ಲಿ ಎದುರುಮನೆಯ ಪೈಪಣ್ಣ ಬಂದ. ಕೊಳಾಯಿ ಕೆಲಸದವನು. ಅವನ ಮೂರು ಚಕ್ರದ ಸಾಮಾನು ಗಾಡಿಯ ತುಂಬ ಸದಾ ಪೈಪುಗಳಿರುತ್ತಿದ್ದುದರಿಂದ ಆ ಹೆಸರು. ಲೋಕದ ಎಲ್ಲ ತೊಂದರೆಗೂ ಪೈಪೇ ಪರಿಹಾರವೆಂದು ಅವನು ನಂಬಿದ್ದ.

"ಪೈಪ್ ಹಾಕಣ, ಸಾರ್. ಸ್ಪ್ಯಾನರ್ ಬಾಲಕ್ಕೆ ಉದ್ದ ಪೈಪ್ ಸಿಗಿಸಿ ಎಳೆದ್ರೆ ನಟ್ಟಲ್ಲ, ಅದರಪ್ಪನೂ ಬರ್ತಾನೆ. ಆದ್ರೆ ಗಾಡಿ ಅಲ್ಲಾಡಬಾರ್ದು. ಮೇಲೆ ಭಾರ ಬೇಕು."

ಭಾರಕ್ಕಾಗಿ ಎಲ್ಲರ ಕಣ್ಣೂ ಬಾಗಿಲಲ್ಲಿ ನಿಂತಿದ್ದ ಗುಮಾಸ್ತರ ಅತ್ತೆಯ ಕಡೆ ತಿರುಗಿ, ಮರ್ಯಾದೆ ನೆನಪಾಗಿ ಥಟ್ಟನೆ ಬೇರೆಡೆ ಹೊರಳಿದವು.

"ನೋಡಿದ್ದು ಗೊತ್ತಾಯ್ತು," ಎಂದರು ಅತ್ತೆ. "ಅಳಿಯಂದಿರೇ, ಇಷ್ಟು ವರ್ಷದಲ್ಲಿ ಒಂದಿನ ಆದ್ರೂ ಈ ಗಾಡಿ ಮೇಲೆ ಬನ್ನಿ ಅಂತ ಕರೆದಿದ್ರಾ ನನ್ನ? ಈಗ ಭಾರ ಬೇಕಾದಾಗ ಅತ್ತೆ ನೆನಪಾದ್ರು."

"ಹಾಗಲ್ಲ ಅತ್ತೆ..."

"ಹಾಗೇನೆ. ಹಿಡ್ಕೊಳ್ಳಿ, ಹತ್ತುತೀನಿ."

ಅತ್ತೆ ಮುಂದೆ ಕೂತರು, ಅವರ ಹಿಂದೆ ಹೆಂಡತಿ. ಅತ್ತೆಯ ಕೈ ತಾನಾಗಿಯೇ ಹ್ಯಾಂಡಲಿಗೆ ಹೋಯಿತು. ಒಮ್ಮೆ ಹಾರ್ನ್ ಒತ್ತಿ ನೋಡಿದರು. ಮುಖ ಅರಳಿತು. ಪೈಪಣ್ಣ ಮತ್ತು ಗುಮಾಸ್ತರು ಆಳುದ್ದದ ಪೈಪಿಗೆ ಜೋತುಬಿದ್ದರು. ಮೇಷ್ಟ್ರು ಕುರ್ಚಿಯಿಂದಲೇ ಕಾಲಲ್ಲಿ ಇಲ್ಲದ ಬ್ರೇಕನ್ನು ಒತ್ತಿ ಹಿಡಿದರು.

"ಟಣ್" ಎಂದಿತು.

ಎಲ್ಲರೂ ತಮ್ಮ ತಮ್ಮ ಸೊಂಟ ಮುಟ್ಟಿ ನೋಡಿಕೊಂಡರು. ಮುರಿದದ್ದು ಯಾರದೂ ಅಲ್ಲ. ನಟ್ಟು ಬಿಟ್ಟಿತ್ತು.

"ಯಾವ ಪಾಪಿ ಸಾರ್ ಇದನ್ನ ಹಿಂಗೆ ಬಿಗಿದಿದ್ದು," ಎಂದ ಪೈಪಣ್ಣ, ಬೆವರೊರೆಸುತ್ತ.

"ಆ ಗ್ಯಾರೇಜಿನವನೇ ಇರಬೇಕು," ಎಂದರು ಮೇಷ್ಟ್ರು. "ಹಿಡಿತವೇ ಗೊತ್ತಿಲ್ಲ ಈ ಕಾಲದವರಿಗೆ."

"ಅವನ ಕೈ ಸೇದಿಹೋಗ," ಎಂದರು ಅತ್ತೆ ಸೀಟಿನ ಮೇಲಿಂದಲೇ. ಇಳಿಯುವ ಲಕ್ಷಣ ಕಾಣಲಿಲ್ಲ. ಅವರನ್ನು ಇಳಿಸುವುದಕ್ಕೆ ನಟ್ಟು ಬಿಚ್ಚಿದಷ್ಟೇ ಹೊತ್ತು ಹಿಡಿಯಿತು.

ಗುಮಾಸ್ತರು ಚೈನು ಎಳೆದು, ಚಕ್ರ ನೇರ ಮಾಡಿ, ನಟ್ಟನ್ನು ಹದವಾಗಿ ಬಿಗಿದರು. ಚಕ್ರವನ್ನು ತಿರುಗಿಸಿದರೆ ಬೆಣ್ಣೆಯಲ್ಲಿ ಬೆರಳಾಡಿಸಿದಂತೆ ತಿರುಗಿತು. ಎಲ್ಲರೂ ಅದನ್ನು ಒಂದೊಂದು ಸಲ ತಿರುಗಿಸಿ ನೋಡಿ, ತೃಪ್ತಿಪಟ್ಟು ಊಟಕ್ಕೆ ಹೋದರು.

ಹೊರಡುವ ಹೊತ್ತಾಯಿತು. ಮಗಳು ಇಸ್ತ್ರಿ ಮಾಡಿದ ಬಿಳಿ ಕೋಟನ್ನು ಮಡಿಸಿ ಕೈಯಲ್ಲಿಟ್ಟುಕೊಂಡು ಹೊರಬಂದಳು. ಮೇಷ್ಟ್ರು, ಪೈಪಣ್ಣ ಎಲ್ಲ ಕಳಿಸಿಕೊಡಲು ನಿಂತಿದ್ದರು. ಗುಮಾಸ್ತರು ಸ್ಟ್ಯಾಂಡ್ ಇಳಿಸಿ ಗಾಡಿ ನೂಕಿದರು. ಗಾಡಿ ಮುಂದೆ ಹೋಗಲಿಲ್ಲ. ಇನ್ನಷ್ಟು ನೂಕಿದರು. ಹಿಂದಿನ ಚಕ್ರ ತಿರುಗದೆ, ಹಟಮಾರಿ ಎಮ್ಮೆಯಂತೆ ನೆಲದ ಮೇಲೆ ಗೀಟೆಳೆಯಿತು.

ಗುಮಾಸ್ತರು ಬಗ್ಗಿ ನೋಡಿದರು. ನಟ್ಟು ತಾನು ಬಿಟ್ಟಲ್ಲಿ ಇರಲಿಲ್ಲ. ಇನ್ನೂ ಒಳಗೆ ಹೋಗಿ, ಚಕ್ರದ ಬೇರಿಂಗನ್ನು ಅಮುಕಿಕೊಂಡು ಕೂತಿತ್ತು. ಅದರ ಮೂಲೆಗಳೆಲ್ಲ ಸವೆದು ಗೋಲಿಯಂತೆ ದುಂಡಗಾಗಿದ್ದವು. ಸ್ಪ್ಯಾನರ್ ಹಾಕಿದರೆ ಸುಮ್ಮನೆ ಜಾರಿತು.

"ಯಾರಾದ್ರೂ ಇದನ್ನ ಮುಟ್ಟಿದ್ರಾ?"

ಮೇಷ್ಟ್ರು ಆಕಾಶ ನೋಡಿದರು. ಆಮೇಲೆ ಕೆಮ್ಮಿದರು.

"ಒಂದೇ ಒಂದು ಎಳೆತ, ಗುಮಾಸ್ತರೇ. ಮಗು ಹಿಂದೆ ಕೂರುತ್ತೆ, ಚಕ್ರ ಕಳಚಿಕೊಂಡ್ರೆ ಏನ್ ಗತಿ ಅಂತ ಊಟ ಸೇರಲಿಲ್ಲ ನನಗೆ. ಅದಕ್ಕೆ ಇಳಿದು ಬಂದು ಒಂದು ಚೂರು."

ಪೈಪಣ್ಣ ಕತ್ತು ಕೆರೆದುಕೊಂಡ. "ಮೇಷ್ಟ್ರು ಎಳೆದಿದ್ದು ನಂಗೇನ್ ಗೊತ್ತು, ಸಾರ್? ನಾನೂ ಪೈಪ್ ಹಾಕಿ ಒಂದು ಅರ್ಧ ಸುತ್ತು. ನಮ್ಮ ಮಗು ಅಲ್ವಾ."

ಗುಮಾಸ್ತರು ಹೆಂಡತಿಯ ಕಡೆ ತಿರುಗಿದರು.

"ಏನ್ ನೋಡ್ತೀರಿ? ನೀವು ಮನೆಯಲ್ಲಿ ಕೂರಿಸಿದ ಒಂದು ಮೊಳೆ ಆದ್ರೂ ನಿಂತಿದ್ಯಾ? ಅದಕ್ಕೆ ನಾನೂ ಕಾಲಲ್ಲಿ ಒಂದ್ಸಲ ಒತ್ತಿದೆ. ನನ್ನ ಒತ್ತು ಸಾಲಲ್ಲ ಅಂತ ಅಮ್ಮನ್ನೂ ಕರೆದೆ."

"ನಾನು ಒತ್ತಲಿಲ್ಲಪ್ಪ," ಎಂದರು ಅತ್ತೆ. "ಸ್ಪ್ಯಾನರ್ ಮೇಲೆ ಸುಮ್ನೆ ನಿಂತ್ಕೊಂಡೆ."

ಗುಮಾಸ್ತರ ಮುಖ ಕೆಂಪಾಯಿತು. ಏನೋ ಹೇಳಲು ಬಾಯಿ ತೆರೆದರು.

"ನೀನು, ಅಪ್ಪಾ?" ಎಂದಳು ಮಗಳು.

ಬಾಯಿ ಮುಚ್ಚಿಕೊಂಡಿತು.

"ಕೈ ತೊಳ್ಕೊಳ್ಳೋಕೆ ಮುಂಚೆ," ಎಂದರು ಸಣ್ಣ ದನಿಯಲ್ಲಿ, "ಸುಮ್ನೆ, ಮನಸ್ಸಿನ ಸಮಾಧಾನಕ್ಕೆ, ಒಂದ್ಸಲ."

"ಹೋದ್ಸಲ ಗ್ಯಾರೇಜಿಂದ ತಂದಾಗ್ಲೂ ಹೀಗೇ ಬಿಗಿದ್ರಾ?"

ಗುಮಾಸ್ತರು ಮೇಷ್ಟ್ರನ್ನು ನೋಡಿದರು. ಮೇಷ್ಟ್ರು ಪೈಪಣ್ಣನನ್ನು, ಪೈಪಣ್ಣ ಅತ್ತೆಯನ್ನು. ಅತ್ತೆ ಸೆರಗು ಸರಿಮಾಡಿಕೊಂಡು, "ಆವಾಗ ನಾನು ಸ್ಪ್ಯಾನರ್ ಮೇಲೆ ನಿಂತಿರಲಿಲ್ಲ. ಬರೀ ಕೂತಿದ್ದೆ," ಎಂದರು. ಬೆಳಗ್ಗೆಯಿಂದ ಎಲ್ಲರೂ ಸೇರಿ ಶಪಿಸಿದ ಪಾಪಿ ಐದು ಮೈಗಳಲ್ಲಿ ಹಂಚಿಹೋಗಿದ್ದ. ಗ್ಯಾರೇಜಿನವನೊಬ್ಬನೇ ಅದರಲ್ಲಿ ಇರಲಿಲ್ಲ.

"ಸರಿ, ನಾನು ಬಸ್ಸಲ್ಲಿ ಹೋಗ್ತೀನಿ. ಮೊದಲನೇ ದಿನ ಲೇಟಾದ್ರೆ ಚೆನ್ನಾಗಿರಲ್ಲ," ಎಂದಳು ಮಗಳು. ಕೋಪವಿರಲಿಲ್ಲ ಅವಳ ದನಿಯಲ್ಲಿ. ಗುಮಾಸ್ತರಿಗೆ ಅದೇ ಹೆಚ್ಚು ಚುಚ್ಚಿತು. ಅವರು ಗಾಡಿಯ ಪಕ್ಕದಲ್ಲೇ ಮೆಟ್ಟಿಲ ಮೇಲೆ ಕುಸಿದು ಕೂತು, ಅಂಗೈಯ ಗ್ರೀಸನ್ನು ಉಜ್ಜತೊಡಗಿದರು. ಇಷ್ಟು ವರ್ಷ ಮಾರದೆ ಇಟ್ಟುಕೊಂಡದ್ದು ಈ ಒಂದು ದಿನಕ್ಕಾಗಿ.

ಪೈಪಣ್ಣನಿಗೆ ನೋಡಲಾಗಲಿಲ್ಲ. "ಏಳಿ ಸಾರ್. ಗ್ಯಾರೇಜು ಆಸ್ಪತ್ರೆ ಪಕ್ಕಾನೇ ಅಲ್ವಾ? ಗಾಡೀನ ನನ್ನ ಗಾಡೀಲಿ ಹಾಕ್ಕೊಂಡು ಹೋಗಿ ಬಿಡಣ. ಮಗುನೂ ಮುಂದೆ ನನ್ನ ಪಕ್ಕ ಕೂರ್ಲಿ."

ಪೈಪುಗಳನ್ನು ಇಳಿಸಿ, ಎಲ್ಲರೂ ಸೇರಿ ಮೋಟಾರ್ ಸೈಕಲ್ಲನ್ನು ಎತ್ತಿ, ಸಾಮಾನು ಗಾಡಿಯ ಹಿಂಭಾಗದಲ್ಲಿ ನೇರವಾಗಿ ನಿಲ್ಲಿಸಿ ಹಗ್ಗದಿಂದ ಬಿಗಿದರು. ಹಗ್ಗವನ್ನು ಎಲ್ಲರೂ ಒಂದೊಂದು ಸಲ ಎಳೆದು ಬಿಗಿ ಮಾಡಿದರು. ಈ ಸಲ ಯಾರೂ ಬೇಡವೆನ್ನಲಿಲ್ಲ.

ಗಾಡಿ ಬೀಳದಂತೆ ಹಿಡಿದುಕೊಳ್ಳಲು ಗುಮಾಸ್ತರು ಹಿಂದೆ ಹತ್ತಿದರು. ನಿಲ್ಲಲು ಜಾಗವಿರಲಿಲ್ಲ. ಸೀಟಿನ ಮೇಲೆಯೇ ಕೂತು ಹ್ಯಾಂಡಲ್ ಹಿಡಿದರು. ಪೈಪಣ್ಣ ಮುಂದಿನ ಬಾಗಿಲು ತೆರೆದು ಮಗಳನ್ನು ಕರೆದ. ಅವಳು ಅತ್ತ ಹೋಗಲಿಲ್ಲ. ಬಿಳಿ ಕೋಟನ್ನು ಹೆಗಲಿಗೆ ಹಾಕಿಕೊಂಡು, ಮೇಷ್ಟ್ರ ಕುರ್ಚಿಯ ಮೇಲೆ ಕಾಲಿಟ್ಟು ಹಿಂದಿನಿಂದ ಹತ್ತಿದಳು.

"ಸರ್ಕೋ ಅಪ್ಪಾ, ಮುಂದೆ."

"ಏಯ್, ಜನ ನೋಡ್ತಾರೆ ಕಣೇ."

"ನೋಡ್ಲಿ."

ಪೈಪಣ್ಣ ಹೊರಟ. ಜನ ನೋಡಿದರು. ಬಸ್ಸಿನ ಕಿಟಕಿಗಳಿಂದ ನೋಡಿದರು, ಅಂಗಡಿಗಳಿಂದ ಹೊರಬಂದು ನೋಡಿದರು. ತಿರುವು ಬಂದಾಗಲೆಲ್ಲ ಗುಮಾಸ್ತರು ಅಭ್ಯಾಸಬಲದಿಂದ ಕೈ ತೋರಿಸಿದರು. ಹಿಂದಿನಿಂದ ಮಗಳು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಆಫೀಸಿನ ಸಹೋದ್ಯೋಗಿಯೊಬ್ಬರು ಹೊಸ ಗಾಡಿಯಲ್ಲಿ ಪಕ್ಕದಲ್ಲೇ ಬಂದು ತಲೆಯೆತ್ತಿ, "ಏನ್ರೀ, ಒಳ್ಳೇ ಮೈಲೇಜಾ?" ಎಂದು ಕೇಳಿ ಮುಂದೆ ಹೋದರು. ನಾಳೆಯಿಂದ ತಮ್ಮ ಪಾಡು ಏನೆಂದು ಗುಮಾಸ್ತರಿಗೆ ಅಲ್ಲೇ ಗೊತ್ತಾಯಿತು.

ಆಸ್ಪತ್ರೆಯ ಗೇಟಿನಲ್ಲಿ ಕಾವಲುಗಾರ ಓಡಿಬಂದ. "ಆಕ್ಸಿಡೆಂಟಾ? ಎಮರ್ಜೆನ್ಸಿ ಆ ಕಡೆ. ಗಾಡಿಯಿಂದ ಬಿಡಿಸೋಕೇ ಆಗ್ಲಿಲ್ವಾ ಇವ್ರನ್ನ?"

"ಡ್ಯೂಟಿಗೆ ಸೇರೋಕೆ ಬಂದಿದೀನಿ," ಎಂದಳು ಮಗಳು, ಜಿಗಿದಿಳಿದು ಕೋಟು ತೊಡುತ್ತ. ನಾಲ್ಕು ಹೆಜ್ಜೆ ಹೋಗಿ ತಿರುಗಿ, "ರಾತ್ರಿ ಕರ್ಕೊಂಡು ಹೋಗೋಕೆ?" ಎಂದಳು.

ಗುಮಾಸ್ತರು ಸೀಟಿನ ಮೇಲಿಂದಲೇ ಕೈಯೆತ್ತಿದರು. "ನಾನೇ ಬರ್ತೀನಿ ಪುಟ್ಟಿ. ಇದೇ ಗಾಡಿ ಮೇಲೆ," ಎಂದುಬಿಟ್ಟರು.

ಗ್ಯಾರೇಜಿನವನು ನಟ್ಟನ್ನು ನೋಡಿ, ಕತ್ತರಿಸಿಯೇ ತೆಗೆಯಬೇಕು, ಬೇರಿಂಗೂ ಹೋಗಿದೆ, ವಾರ ಹಿಡಿಯುತ್ತದೆ ಎಂದ. ರಾತ್ರಿ ಮಗಳು ಬಸ್ಸಿನಲ್ಲಿ ಬಂದಳು. ಹೊಸ ಮಾತು ಆ ದಿನವೇ ಮುರಿಯಿತು. ಹಳೆಯ ಮಾತು ನಡೆಯಿತು: ಮಗಳು ಮೊದಲ ದಿನ ಕೆಲಸಕ್ಕೆ ಅದೇ ಗಾಡಿಯ ಮೇಲೆ, ಅಪ್ಪನ ಹಿಂದೆ ಕೂತು ಹೋದಳು.