ಯಜಮಾನರ ಮೂಗು

ತೀರಿಹೋದ ಗಿರಣಿ ಯಜಮಾನರಿಗೆ ಫೋಟೋ ಅಂದರೆ ಆಗುತ್ತಿರಲಿಲ್ಲ. ಮನೆಯಲ್ಲಿ ಉಳಿದದ್ದು ಒಂದೇ ಫೋಟೋ. ಅದರಲ್ಲೂ ಸೀನು ಬಂದು ಮುಖಕ್ಕೆ ಕರವಸ್ತ್ರ ಹಿಡಿದಿದ್ದರು. ಹಣೆ, ಕಣ್ಣು, ಮೀಸೆಯ ಎರಡು ತುದಿ ಕಾಣುತ್ತಿದ್ದವು. ಮೂಗಿಗೆ ಮಾತ್ರ ದಾಖಲೆಯೇ ಇರಲಿಲ್ಲ.

ದೊಡ್ಡವರ ಭಾವಚಿತ್ರ ಬರೆಸಿಕೊಡುವ ದಲ್ಲಾಳಿ ಆದರೂ ಈ ಕೆಲಸ ಒಪ್ಪಿಕೊಂಡಿದ್ದ. ಸಂಜೆ ಐದಕ್ಕೆ ಅನಾವರಣ, ಊರಿನ ಸಿರಿವಂತರೆಲ್ಲ ಬರುವವರು. ಇದೊಂದು ಗೆದ್ದರೆ ಇನ್ನು ಹತ್ತು ಮನೆಯವರು ತಾವಾಗಿಯೇ ಹುಡುಕಿಕೊಂಡು ಬರುತ್ತಾರೆ. ಅವನ ಚಿತ್ರಗಾರನೋ, ಬೋಳುತಲೆಗೂ ಗಾಂಭೀರ್ಯ ತರಬಲ್ಲವನು. ಸಿಟ್ಟು ಮಾತ್ರ ಮೂಗಿನ ತುದಿಯಲ್ಲಿ.

"ಅಮ್ಮನವರನ್ನ ಒಂದು ಮಾತು ಕೇಳೋಣವಾ?" ಅಂದಿದ್ದ ದಲ್ಲಾಳಿ.

"ಅವರಿಗ್ಯಾಕೆ ತೊಂದರೆ? ನಾವಿಲ್ವಾ?" ಅಂದಿದ್ದರು ಯಜಮಾನರ ಗಂಡುಮಕ್ಕಳಿಬ್ಬರೂ.

ಬೆಳಿಗ್ಗೆ ಒಂಬತ್ತಕ್ಕೆ ಹಿರಿಯ ಮಗ ಬಂದು, ಚಿತ್ರಗಾರ ಅಂದಾಜಿನಲ್ಲಿ ಬರೆದದ್ದನ್ನು ನೋಡಿ ಮೂಗು ಮುರಿದ. "ಅಪ್ಪನ ಮೂಗು ಉದ್ದ, ಥೇಟ್ ನನ್ನ ಹಾಗೆ. ಮುಂದಿನ ಯಜಮಾನ ಯಾರು ಅಂತ ಚಿತ್ರ ನೋಡಿದ್ರೇ ಗೊತ್ತಾಗ್ಬೇಕು." ಮೂಗು ಉದ್ದವಾಯಿತು.

ಹನ್ನೊಂದಕ್ಕೆ ಕಿರಿಯವನು ಬಂದ. ಅವನ ಮೂಗು ಸೋಫಾದಲ್ಲಿ ಕಾಲು ಚಾಚಿದ ನೆಂಟನ ಹಾಗೆ ಮುಖದ ತುಂಬ ಹರಡಿಕೊಂಡಿತ್ತು. "ಇದು ಅಣ್ಣನ ಮೂಗು. ಅಪ್ಪನದು ಅಗಲ. ನೀವೇನು ಅಣ್ಣನ ಕಡೆಯವರಾ?" ದಲ್ಲಾಳಿ ಬೆವರಿದ. ಮೂಗು ಅಗಲವಾಯಿತು.

ಮಧ್ಯಾಹ್ನ ಸೊಸೆಯರೂ ಬಂದು ಮೂಗು ತೂರಿಸಿದರು. ಮೂರರ ಹೊತ್ತಿಗೆ ಬಣ್ಣದ ಮೇಲೆ ಬಣ್ಣ ಬಿದ್ದು ಅದು ಬದನೆಕಾಯಿ ಆಗಿತ್ತು. ಚಿತ್ರಗಾರ ಕುಂಚ ಬಿಸಾಕಿದ. "ನಾಳೆಯಿಂದ ಹೂಕುಂಡ ಬರೀತೀನಿ. ಅದಕ್ಕೆ ಮಕ್ಕಳಿರಲ್ಲ."

"ಕೈ ಮುಗೀತೀನಿ ಗುರುಗಳೇ. ಉದ್ದ ಅಣ್ಣನದಿರಲಿ, ಅಗಲ ತಮ್ಮನದಿರಲಿ. ಸೇರಿಸಿ ಒಂದು ಮೂಗು ಮಾಡಿ," ಎಂದು ದಲ್ಲಾಳಿ ಅಂಗಲಾಚಿದ.

ತುದಿ ಬಾಗಿ ಹೊಳ್ಳೆ ಅರಳಿದ ಭಾರೀ ಮೂಗೊಂದು ಸಿದ್ಧವಾಯಿತು. ಅಣ್ಣ ಒಪ್ಪಿದ, ತಮ್ಮನೂ ಒಪ್ಪಿದ. ದಲ್ಲಾಳಿಗೆ ಹೋದ ಜೀವ ಬಂತು.

ಐದಕ್ಕೆ ಪರದೆ ಸರಿಸಲು ಎದ್ದವರು, ನಲವತ್ತು ವರ್ಷದಿಂದ ಆ ಮನೆಗೆ ಬಂದುಹೋಗುತ್ತಿದ್ದ ಡಾಕ್ಟರು. ಸರಿಸಿ, ಚಿತ್ರದ ಪಕ್ಕದಲ್ಲೇ ನಿಂತು ಸಭೆಯ ಕಡೆ ತಿರುಗಿದರು. ಚಪ್ಪಾಳೆಗೆ ಎತ್ತಿದ ಕೈಗಳು ಅಲ್ಲೇ ನಿಂತವು. ಜನ ಚಿತ್ರ ನೋಡಿದರು, ಡಾಕ್ಟರನ್ನು ನೋಡಿದರು, ಆಮೇಲೆ ಮೆಲ್ಲಗೆ ಮಕ್ಕಳಿಬ್ಬರನ್ನೂ ನೋಡಿದರು.

ಕಣ್ಣು ಮಂಜಾಗಿದ್ದ ಯಜಮಾನರ ಅಕ್ಕ ಗಟ್ಟಿಯಾಗಿ ಕೇಳಿದರು: "ಡಾಕ್ಟರ ಚಿತ್ರ ಚೆನ್ನಾಗಿ ಬಂದಿದೆ. ನನ್ನ ತಮ್ಮಂದು ಎಲ್ಲಿ?"

ಹತ್ತು ನಿಮಿಷದಲ್ಲಿ ಹಜಾರ ಖಾಲಿ. ಚಿತ್ರ ಬರೆಸಲು ತುದಿಗಾಲಲ್ಲಿದ್ದ ಸಿರಿವಂತರು ದಲ್ಲಾಳಿಯ ಕಣ್ಣು ತಪ್ಪಿಸಿ ಜಾರಿಕೊಂಡರು. ಅವರವರ ಮನೆಗೂ ಒಬ್ಬೊಬ್ಬ ಡಾಕ್ಟರು ಇದ್ದರಲ್ಲ.

ಉಳಿದವರು ಅಮ್ಮನವರೊಬ್ಬರೇ. ಚಿತ್ರವನ್ನು ತುಂಬ ಹೊತ್ತು ನೋಡಿದರು. "ಇದು ನನ್ನ ಕೋಣೆಗಿರಲಿ. ಹಜಾರಕ್ಕೆ ಇನ್ನೊಂದು ಬರೆಸಿಕೊಡಪ್ಪ. ನಮ್ಮ ಯಜಮಾನರದು ಮೊಂಡು ಮೂಗು."

"ಮಕ್ಕಳು ಒಪ್ಪಬೇಕಲ್ಲ, ಅಮ್ಮ?" ಅಂದ ದಲ್ಲಾಳಿ.

"ಇನ್ನು ಅವರು ಮೂಗಿನ ಮಾತೇ ಎತ್ತಲ್ಲ," ಎಂದು ಅಮ್ಮನವರು ಒಳಗೆ ಹೋದರು.